ಅಜ್ಜಿಯ ಸಿಂಗರ್, ಅವ್ವನ ಸೆರಗು

ಸೂಜಿ ಡಬ್ಬಿ: ನಿಮ್ಮ ಪ್ರಶ್ನೆ, ಧಾರವಾಡದಿಂದ ನನ್ನ ಉತ್ತರ

(ಪತ್ರ ಬರೆದವರ ಊರು ಮಾತ್ರ ಹಾಕುತ್ತೇವೆ, ಹೆಸರಿಲ್ಲ. ಹಿಂದೊಮ್ಮೆ ‘ಅತ್ತೆಯ ಹಳೇ ಹಿತ್ತಾಳೆ ಪಾತ್ರೆಗಳನ್ನು ಹೇಗೆ ಕೇಳಲಿ’ ಎಂಬ ಪ್ರಶ್ನೆ ಹೆಸರಿನ ಸಮೇತ ಅಚ್ಚಾಗಿಬಿಟ್ಟಿತ್ತು. ಅತ್ತೆಯೂ ಈ ಅಂಕಣ ಓದುತ್ತಿದ್ದರು.)

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಯ ತಾಯಿ ಬಳಸಿದ ಸಿಂಗರ್ ಹೊಲಿಗೆ ಮಷಿನ್ ನಮ್ಮಲ್ಲಿದೆ. ಕಾಲಲ್ಲಿ ತುಳಿಯುವಂಥದ್ದು. ಸೌದಿಯಲ್ಲಿರುವ ಮೈದುನ ಒಂದು ವಿಡಿಯೊ ಕಳಿಸಿದ್ದಾನೆ. ಹಳೇ ಸಿಂಗರ್ ಸೂಜಿಯಲ್ಲಿ ಕೆಂಪು ಪಾದರಸ ಇರುತ್ತದಂತೆ, ಲಕ್ಷಗಟ್ಟಲೆ ಬೆಲೆಯಂತೆ. ಮೊನ್ನೆ ಇಬ್ಬರು ಮನೆಗೇ ಬಂದು, ‘₹5 ಲಕ್ಷ ಕೊಡುತ್ತೇವೆ, ಮೊದಲು ಪರೀಕ್ಷೆ ಖರ್ಚಿಗೆ ₹15,000 ಕೊಡಿ’ ಅಂದರು. ಏನು ಮಾಡಲಿ? — ಭಟ್ಕಳ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಳ್ಳುವವರು ಮಾರುವವರ ಹತ್ತಿರ ದುಡ್ಡು ಕೇಳುವುದು ಯಾವ ಊರಿನ ವ್ಯಾಪಾರ ಹೇಳಿ?

ಇದು ಹಳೇ ಪುಕಾರು. 2009ರಲ್ಲಿ ಸೌದಿ ಅರೇಬಿಯಾದಲ್ಲೇ ಈ ಸುದ್ದಿ ಹಬ್ಬಿ, ಜನ ಹಳೇ ಸಿಂಗರ್‌ಗಳಿಗೆ ಮುಗಿಬಿದ್ದಿದ್ದರು. ಸೂಜಿಯ ಹತ್ತಿರ ಮೊಬೈಲ್ ಹಿಡಿದು ಸಿಗ್ನಲ್ ಹೋಗುತ್ತದೆಯೇ ಎಂದು ನೋಡುತ್ತಿದ್ದರಂತೆ. ಅಂಥ ಪಾದರಸವೇ ಇಲ್ಲ. ನಮ್ಮ ಕಡೆ ಅಕ್ಕಿಕಾಳು ಎಳೆಯುವ ತಾಮ್ರದ ಚೊಂಬು ಎಂದು ‘ರೈಸ್ ಪುಲ್ಲಿಂಗ್’ ಮೋಸ ನಡೆಯುತ್ತದಲ್ಲ, ಇದು ಅದರ ತಮ್ಮ.

ಸುಮ್ನೆ ಯೋಚನೆ ಮಾಡಿ. ಸೂಜಿ ಮುರಿಯುತ್ತದೆ, ಮೊಂಡಾಗುತ್ತದೆ, ನಾವು ಬದಲಿಸುತ್ತಲೇ ಇರುತ್ತೇವೆ. ಆ ಅಜ್ಜಿ ಹಾಕಿದ ಸೂಜಿ ಇನ್ನೂ ಅಲ್ಲೇ ಕೂತಿರುತ್ತದೆಯೇ? ಈಗಿರುವುದು ನೀವೋ ನಿಮ್ಮ ಅತ್ತೆಯೋ ಪೇಟೆಯಿಂದ ತಂದದ್ದು. ಮಷಿನ್ನಿನ ಉಳಿದ ಭಾಗವೆಲ್ಲ ಎರಕದ ಕಬ್ಬಿಣ ಮತ್ತು ಉಕ್ಕು.

ವಯಸ್ಸು ತಿಳಿಯಬೇಕಾದರೆ ಮಷಿನ್ನಿನ ತಳದ ಬಲಮೂಲೆಯಲ್ಲಿ ಕೊರೆದ ನಂಬರ್ ಹುಡುಕಿ. ಹಳೇ ಸೀರೆಯ ತುಂಡಿಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ನಂಬರಿನ ಮೊದಲಿಗೆ ಇಂಗ್ಲಿಷಿನ ‘ವೈ’ ಇದ್ದರೆ, ಅಥವಾ ‘ಇಎ’, ‘ಇಬಿ’ ಹೀಗೆ ‘ಇ’ಯಿಂದ ಶುರುವಾಗುವ ಜೋಡಿ ಅಕ್ಷರ ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಮಾಡಿದ್ದು. ನಮ್ಮಜ್ಜಿಯದೂ ಅಲ್ಲಿಯದೇ. ಆ ಕಾರ್ಖಾನೆ 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿತು. ಕಾರ್ಖಾನೆ ಹೋದರೂ ಅಲ್ಲಿನ ರೈಲು ನಿಲ್ದಾಣದ ಹೆಸರು ಇವತ್ತಿಗೂ ‘ಸಿಂಗರ್’. ಅದನ್ನು ಓದಿದ ದಿನ ನನಗೆ ಯಾಕೋ ತುಂಬ ಖುಷಿಯಾಗಿತ್ತು.

ಇಂಥ ಮಷಿನ್‌ಗಳು ಲಕ್ಷಾಂತರ ತಯಾರಾಗಿದ್ದರಿಂದ ಅಪರೂಪದ ವಸ್ತುವೇನಲ್ಲ. ನನ್ನ ಪರಿಚಯದವರೊಬ್ಬರು ಗುಜರಿ ಅಂಗಡಿಯಿಂದ ₹2,200ಕ್ಕೆ ತಂದು ಇವತ್ತಿಗೂ ಹೊಲಿಯುತ್ತಿದ್ದಾರೆ. ಒಂದು ಮಾತು: ನಿಮ್ಮದರಲ್ಲಿ ದುಂಡು ಬಾಬಿನ್ ಬದಲು ಉದ್ದನೆಯ ಬಾಬಿನ್, ಅದು ಕೂರುವ ದೋಣಿಯಂಥ ಶಟಲ್ ಇದ್ದರೆ ಆ ಶಟಲ್ ಜೋಪಾನ. ಅದು ಕಳೆದರೆ ಮಷಿನ್ ಬರೀ ಹೂಕುಂಡದ ಸ್ಟ್ಯಾಂಡು.

ಪ್ರಶ್ನೆ: ನಮ್ಮ ಉಷಾ ಮಷಿನ್ ಚಳಿಗಾಲದಲ್ಲಿ ಬೆಳಿಗ್ಗೆ ತಿರುಗುವುದೇ ಇಲ್ಲ. ಮಧ್ಯಾಹ್ನ ಸ್ವಲ್ಪ ಸಡಿಲ ಆಗುತ್ತದೆ. ದೆವ್ವ ಹಿಡಿದಿದೆ ಎನ್ನುತ್ತಾರೆ ಮಕ್ಕಳು. — ಗದಗ

ಉತ್ತರ: ಕೊಬ್ಬರಿ ಎಣ್ಣೆ ಹಿಡಿದಿದೆ. ಯಾರೋ ಹಾಕಿದ್ದಾರೆ. ನೀವಲ್ಲದಿದ್ದರೆ ಮನೆಯ ಹಿರಿಯರು, ಕೇಳಲು ಹೋಗಬೇಡಿ. ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಮಷಿನ್ನಿನ ಒಳಗೂ ಹೆಪ್ಪುಗಟ್ಟುತ್ತದೆ. ಅಡುಗೆ ಎಣ್ಣೆಯಾದರೆ ವರ್ಷ ಕಳೆದಂತೆ ಅಂಟಾಗಿ ಕೂರುತ್ತದೆ.

ಎಣ್ಣೆ ಬಿಡುವ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಒಲೆಯಿಂದ ದೂರ ಇಟ್ಟುಕೊಂಡೇ ಮಾಡಿ. ದಾರ ತೆಗೆದು ಹತ್ತು ನಿಮಿಷ ತುಳಿಯಿರಿ. ಕಂದು ಬಣ್ಣದ ಜಿಡ್ಡು ಇಳಿದು ಬರುತ್ತದೆ, ಒರೆಸಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ಮಾಡಿ. ಸೂಜಿಯ ಕೆಳಗಿನ ತಗಡು ಬಿಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಬಟ್ಟೆ ಮುಂದೂಡುವ ಹಲ್ಲುಗಳ ನಡುವಿನ ನೂಲಿನ ಧೂಳು ತೆಗೆಯಿರಿ. ನಾನು ಮೊದಲ ಸಲ ಬಿಚ್ಚಿದಾಗ ಅಲ್ಲಿ ಬೆಕ್ಕಿನ ಮರಿಯಷ್ಟು ಧೂಳು ಇತ್ತು! ಕೊನೆಗೆ ಮಷಿನ್ ಎಣ್ಣೆ, ತೂತಿಗೆ ಒಂದೇ ಹನಿ. ಆಮೇಲೆ ಒಂದು ಚಿಂದಿ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು ನೋಡಿ. ನೇರ ಬ್ಲೌಸ್ ಇಟ್ಟರೆ ಕಲೆ ಗ್ಯಾರಂಟಿ.

ಪ್ರಶ್ನೆ: ನಮ್ಮವ್ವ ತೀರಿಹೋಗಿ ಒಂದು ವರ್ಷ ಆಯಿತು. ಅವರ ಒಂಬತ್ತು ಗಜದ ಇಳಕಲ್ ಸೀರೆ ನನ್ನ ಹತ್ತಿರ ಇದೆ. ಒಡಲು ಎರಡು ಕಡೆ ಹರಿದಿದೆ, ಕೆಂಪು ಸೆರಗು ಚೆನ್ನಾಗಿದೆ. ತಂಗಿ ಕುಶನ್ ಕವರ್ ಮಾಡೋಣ ಅನ್ನುತ್ತಾಳೆ. ನನಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಹಾಗಂತ ಟ್ರಂಕಿನಲ್ಲಿ ಇಟ್ಟರೆ ಹಾಳಾಗುತ್ತದಲ್ವಾ? — ಬಾಗಲಕೋಟೆ

ಉತ್ತರ: ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ಕುಶನ್ ಕವರ್ ಮಾಡಿದವಳು ನಾನು. ಅದಕ್ಕೇ ಹೇಳುತ್ತೇನೆ, ಕೇಳು.

ನನ್ನ ಮಗಳು ಹುಟ್ಟುವ ಮೊದಲಿನ ಮಾತು. ಕೈಯಲ್ಲಿ ಹೊಸ ಕತ್ತರಿ, ತಲೆಯಲ್ಲಿ ಹೊಸ ಹುರುಪು. ಅಜ್ಜಿಯ ಇಳಕಲ್ ಸೀರೆಯ ಸೆರಗನ್ನು ನಡುವೆ ಕತ್ತರಿಸಿ ಎರಡು ಕವರ್ ಹೊಲಿದೆ. ಸೆರಗಿನಲ್ಲಿ ನೇಯ್ದ ಬಿಳಿ ವಿನ್ಯಾಸ, ಅಂದರೆ ಟೋಪ್ ತೆನಿ ಸಾಲು ಅರ್ಧಕ್ಕೆ ತುಂಡಾಯಿತು. ಆಗ ಅದೂ ಗೊತ್ತಾಗಲಿಲ್ಲ, ಚೆಂದ ಕಂಡಿತು. ಕಿಟಕಿಯ ಪಕ್ಕದ ದಿವಾನದ ಮೇಲೆ ಇಟ್ಟೆ. ಅರಿಶಿನ ಕುಂಕುಮಕ್ಕೆ ಸೋದರತ್ತೆ ಬಂದರು. ಒರಗಿ ಕೂತರು, ಆಮೇಲೆ ತಿರುಗಿ ನೋಡಿದರು. ‘ನಮ್ಮವ್ವನ ಸೆರಗಿನ ಮ್ಯಾಲ ಕುಂತೀನಲ್ಲವಾ ನಾ!’ ಅಂದರು. ನಕ್ಕೇ ಅಂದರು. ಆದರೆ ಆಮೇಲೆ ಎದ್ದು ಹೋಗಿ ಕುರ್ಚಿಯ ಮೇಲೆ ಕೂತರು. ಎರಡು ವರ್ಷದಲ್ಲಿ ಬಿಸಿಲಿಗೆ ರೇಷ್ಮೆ ಸೀಳಿತು.

ಈಗ ನಿನ್ನ ಸೀರೆ. ಇಳಕಲ್ ಸೀರೆಯಲ್ಲಿ ಸೆರಗು ಬೇರೆ, ಒಡಲು ಬೇರೆ, ನೇಯುವಾಗಲೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯ ಸಾಲಿಗೆ ಮಾತ್ರ ಕತ್ತರಿ ತಾಗಿಸಬೇಡ. ಸೆರಗು ಬೇರೆ ಮಾಡುವುದಾದರೆ ಒಡಲಿನ ಕಡೆ ನಾಲ್ಕು ಬೆರಳು ಬಿಟ್ಟು ಕತ್ತರಿಸು.

ಅದಕ್ಕೂ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡು. ಕೂರುವ ಕಡೆ, ನೆಲಕ್ಕೆ ತಾಗುವ ಅಂಚು ಜರಡಿಯಾಗಿರುತ್ತದೆ. ಒಳಗೆ ಸಿಕ್ಕಿಸುತ್ತಿದ್ದ ತುದಿ ಗಟ್ಟಿ ಇರುತ್ತದೆ. ಅನುಮಾನ ಇದ್ದ ಕಡೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆ. ‘ಚರ್’ ಅಂತ ಸದ್ದು ಬಂದರೆ ಆ ಭಾಗ ಹೊಲಿಗೆಗೆ ಆಗುವುದಿಲ್ಲ, ಸೂಜಿ ಹೋದಲ್ಲೆಲ್ಲ ಸೀಳುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಸೆರಗನ್ನು ಒತ್ತಿ ನೋಡುವುದನ್ನು ಮರೆಯಬೇಡ. ಹಳೇ ಕೆಂಪು ಬಣ್ಣ ಬಿಡುವುದು ಜಾಸ್ತಿ.

ನಿನ್ನ ಜಾಗದಲ್ಲಿ ನಾನಿದ್ದರೆ ಕೌದಿ ಹೊಲಿಯುತ್ತಿದ್ದೆ. ಸೆರಗು ಇಡಿಯಾಗಿ ಮೇಲೆ, ನಡುವೆ. ಸುತ್ತ ಒಡಲಿನ ಗಟ್ಟಿ ಭಾಗ, ಸಾಲದಿದ್ದರೆ ನಿನ್ನ, ತಂಗಿಯ ಹಳೇ ಸೀರೆಯ ತುಂಡು. ಒಳಗೆ ಅಪ್ಪನ ಹಳೇ ಧೋತರ ಎರಡು ಪದರ, ಮೆತ್ತಗೆ ಇರುತ್ತದೆ. ದಪ್ಪ ಹತ್ತಿ ದಾರ, ಒಂದು ಬೆರಳಿನ ಅಂತರಕ್ಕೆ ಒಂದು ಸಾಲು ಕೈಹೊಲಿಗೆ. ಸೆರಗಿನ ಮೇಲೆ ಮಾತ್ರ ಸಣ್ಣ ಸೂಜಿ, ಸಣ್ಣ ದಾರ ಬಳಸು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮುಗಿಸುವ ಮೊದಲು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ, ಅದಕ್ಕೆ ‘ಫುಲ’ ಅನ್ನುತ್ತಾರೆ. ಫುಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ನಾನು ಆ ಹೂವನ್ನು ಅವರಿಂದಲೇ ಕದ್ದಿದ್ದೇನೆ.

ಬೇಗ ಮುಗಿಸುವ ಹಟ ಬೇಡ. ನನ್ನ ಮೊದಲ ಕೌದಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಂದು ಬಾಣಂತನ ಆಯಿತು.

ಹೌದು, ತಂಗಿಗೆ ಏನಾದರೂ ಕೊಡಲೇಬೇಕು. ಆ ಗಟ್ಟಿ ತುದಿಯಲ್ಲಿ ಒಂದು ಕುಂಚಿಗೆ (ಕೂಸಿನ ತಲೆ, ಬೆನ್ನು ಮುಚ್ಚುವ ಟೋಪಿ) ಆಗುತ್ತದೆ. ಅವಳ ಮನೆಯಲ್ಲಿ ಕೂಸು ಇಲ್ಲದಿದ್ದರೂ ಪರವಾಗಿಲ್ಲ, ಎತ್ತಿಟ್ಟುಕೊಳ್ಳುತ್ತಾಳೆ. ನನ್ನ ಕುಶನ್ ಕವರಿನಲ್ಲಿ ಉಳಿದ ಅಂಗೈಯಗಲ ತುಂಡನ್ನು ನಾನು ಮಗನ ಕುಂಚಿಗೆಯ ಹಣೆಯ ಮೇಲೆ ಕೂರಿಸಿದೆ. ಸೋದರತ್ತೆ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಕೂಸನ್ನು ಎತ್ತಿಕೊಂಡು ತಮ್ಮ ಮನೆಗೆ ಹೋದವರು ಸಂಜೆಗೇ ವಾಪಸ್ ತಂದದ್ದು.

ಪ್ರಶ್ನೆ: ಇಬ್ಬರು ಮಕ್ಕಳು, ಅಡುಗೆ, ಹೊಲಿಗೆ, ಮತ್ತೆ ಸಂತೆ ಸುತ್ತಿ ಹಳೇ ಸಾಮಾನು! ನಿಮಗೆ ಟೈಮ್ ಎಲ್ಲಿಂದ ಸಿಗುತ್ತದೆ ಮೇಡಂ? — ತುಮಕೂರು

ಉತ್ತರ: ಸಿಗುವುದಿಲ್ಲ. ನನ್ನ ಮಷಿನ್ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ತೋಳಿನ ಅಂಚು ಆಗುತ್ತದೆ. ಬೆಲ್ಟಿಗೆ ಜೋಳದ ಹಿಟ್ಟು ತಾಗುತ್ತದೆ, ರೊಟ್ಟಿಯಲ್ಲಿ ಒಮ್ಮೊಮ್ಮೆ ದಾರ ಸಿಗುತ್ತದೆ. ಮನೆಯವರು ಈಗ ದಾರ ತೆಗೆದು ತಟ್ಟೆಯ ಅಂಚಿಗೆ ಇಟ್ಟು ಮಾತಾಡದೆ ಊಟ ಮುಂದುವರಿಸುತ್ತಾರೆ.

ಕತ್ತರಿಸುವ ಕೆಲಸ ಭಾನುವಾರ ಮಾತ್ರ. ಕತ್ತರಿಸಿದ್ದನ್ನು ಪಿನ್ ಹಾಕಿ, ದಾರ, ಗುಂಡಿ, ಅಳತೆ ಚೀಟಿ ಸಮೇತ ಒಂದೊಂದು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ. ಒಂದು ಡಬ್ಬಿ, ಒಂದು ಕೆಲಸ. ಡಬ್ಬಿ ಕೂಡಿಡುವ ಹುಚ್ಚಿಗೆ ನನಗೆ ಸಿಕ್ಕ ಏಕೈಕ ಸಮರ್ಥನೆ ಇದು. ಸೀರೆಯ ಕುಚ್ಚಾದರೆ ಮಗನ ಮಗ್ಗಿ ಕೇಳುತ್ತಲೇ ಕಟ್ಟಬಹುದು. ಹದಿಮೂರರ ಮಗ್ಗಿ ಇರುವ ವಾರ ಕುಚ್ಚು ಜಾಸ್ತಿ ಆಗುತ್ತವೆ.

ರಾತ್ರಿ ಹತ್ತರ ಮೇಲೆ ಮಷಿನ್ ಮುಟ್ಟುವುದಿಲ್ಲ. ಮಗಳ ಶಾಲೆಯ ಕಾರ್ಯಕ್ರಮದ ಹಿಂದಿನ ರಾತ್ರಿ ಹನ್ನೊಂದಕ್ಕೆ ಕೂತು, ಗುಳೇದಗುಡ್ಡದ ಖಣದ ರವಿಕೆಗೆ ಎರಡೂ ತೋಳು ಅದಲುಬದಲು ಹಚ್ಚಿದ್ದೆ. ಅವಳು ಕೈ ಮೇಲೆತ್ತಲಾಗದೆ ಇಡೀ ಕೋಲಾಟ ಸೊಂಟದ ಮಟ್ಟದಲ್ಲೇ ಆಡಿದಳು.

ಪ್ರಶ್ನೆ: ಹಬ್ಬಕ್ಕೆಂದು ಅಜ್ಜನ ಕಾಲದ ಬಿದರಿ ಪೆಟ್ಟಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಕಪ್ಪು ಹೋಗಿ ಬೂದು ಆಯಿತು. ಶೂ ಪಾಲಿಶ್ ಹಚ್ಚಲೇ? — ವಿಜಯಪುರ

ಉತ್ತರ: ಬೇಡ ಬೇಡ. ಬಿದರಿ ಹಿತ್ತಾಳೆಯಲ್ಲ. ಅದು ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿದ ಲೋಹ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಪ್ಪು ಬರಿಸುತ್ತಾರೆ. ಆ ಕಪ್ಪು ಮೇಲುಮೇಲಿನದು, ಹುಳಿ ಅದನ್ನು ತಿಂದುಹಾಕಿದೆ. ಬೀದರದ ಕುಶಲಕರ್ಮಿಗಳ ಹತ್ತಿರ ಒಯ್ದರೆ ಮತ್ತೆ ಕಪ್ಪು ಬರಿಸಿ ಕೊಡುತ್ತಾರೆ. ಆಮೇಲೆ ಒಣ ಬಟ್ಟೆ, ವರ್ಷಕ್ಕೊಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಗದಗದವರು ಗಮನಿಸಿ, ಕೊಬ್ಬರಿ ಎಣ್ಣೆಗೆ ಕೆಲಸ ಇರುವುದು ಇಲ್ಲಿ.

ಪ್ರಶ್ನೆ: ನಮ್ಮ ಯಜಮಾನರು ಮನೆ ಗುಜರಿ ಅಂಗಡಿ ಆಗಿದೆ ಎನ್ನುತ್ತಾರೆ. — ಬೆಂಗಳೂರು

ಉತ್ತರ: ಅವರ ಹಳೇ ಎಚ್‌ಎಂಟಿ ವಾಚ್ ಎಲ್ಲಿದೆ ಎಂದು ಕೇಳಿ. ಕೀ ಕೊಟ್ಟು ನೋಡಿದರೆ ನಡೆಯುತ್ತದೆ ಎಂದು ಅವರೇ ಹೇಳುತ್ತಾರೆ. ಆಮೇಲಿನ ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಜೊತೆಗೇ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋಗಿ, ಚೌಕಾಸಿ ಅವರಿಗೇ ಬಿಡಿ.

ಪ್ರಶ್ನೆ: ಆಂಟೀ, ನಾನು ಆರನೇ ಕ್ಲಾಸ್. ಅಪ್ಪನ ಹಳೇ ಜೀನ್ಸ್‌ನಲ್ಲಿ ಬ್ಯಾಗ್ ಹೊಲೀಬೇಕು. ಅಮ್ಮನ ಮಷಿನ್‌ನಲ್ಲಿ ಸೂಜಿ ಮುರೀತು. ಅಮ್ಮನಿಗೆ ಇನ್ನೂ ಹೇಳಿಲ್ಲ. ಹುಡುಗರು ಹೊಲೀಬಹುದಾ? — ಹಾಸನ

ಉತ್ತರ: ಪುಟ್ಟಾ, ನಿಮ್ಮೂರಿನ ಟೈಲರ್‌ಗಳಲ್ಲಿ ಎಷ್ಟು ಜನ ಗಂಡಸರು ಎಣಿಸಿ ನೋಡು. ಅದೇ ಉತ್ತರ.

ಮುರಿದದ್ದು ಬಹುಶಃ 14ರ ಸೂಜಿ. ಅದು ಹತ್ತಿ ಬಟ್ಟೆಗೆ. ಜೀನ್ಸಿಗೆ 16 ಬೇಕು, ತುಂಬ ದಪ್ಪ ಇದ್ದರೆ 18. ಸೂಜಿಯ ಒಂದು ಕಡೆ ಉದ್ದಕ್ಕೆ ಸಣ್ಣ ತೋಡಿನಂಥ ಗೀರು ಇರುತ್ತದೆ, ದಾರ ಆ ಕಡೆಯಿಂದ ಒಳಗೆ ಹೋಗಬೇಕು. ಕಾಲಿನ ಪಕ್ಕದ ದಪ್ಪ ಹೊಲಿಗೆ ಬಂದಾಗ ತುಳಿಯಬೇಡ. ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸು. ಬೆರಳು ಸೂಜಿಯಿಂದ ದೂರ ಇರಲಿ. ಜೇಬು ಬಿಚ್ಚಬೇಡ, ಬ್ಯಾಗಿನ ಹೊರಗೆ ಹಾಗೇ ಬರುವಂತೆ ಕತ್ತರಿಸು.

ಮುರಿದ ಸೂಜಿಯ ಎರಡೂ ತುಂಡು ಸಿಕ್ಕವಾ? ತುದಿ ಸಿಗದಿದ್ದರೆ ಅಯಸ್ಕಾಂತ ಹಿಡಿದು ನೆಲದ ಮೇಲೆಲ್ಲ ಆಡಿಸು. ಯಾರಾದರೂ ಬರಿಗಾಲಲ್ಲಿ ಬರುವ ಮೊದಲು. ಆಮೇಲೆ ಅಮ್ಮನಿಗೆ ಹೇಳು. ಅವರು ಈ ಅಂಕಣ ಓದುವ ಮೊದಲೇ ಹೇಳಿದರೆ ಒಳ್ಳೆಯದು.