ದನದ ಡಾಕ್ಟರನ್ನು ಕೇಳಿ: ಅಮೃತಬಳ್ಳಿ ತಿಂದರೆ ಲಸಿಕೆ ಬೇಡವೇ?

ಪ್ರಶ್ನೆ: ನಮ್ಮ ಎಚ್‌ಎಫ್ ಕ್ರಾಸ್ ಹಸು ಮುಂದಿನ ತಿಂಗಳು ಕರು ಹಾಕುತ್ತದೆ. ಹೋದ ಸಲ ಕರು ಹಾಕಿದ ವಾರಕ್ಕೇ ಕೆಚ್ಚಲುಬಾವು ಬಂದು ಒಂದು ತೊಟ್ಟು ಬತ್ತಿಹೋಯಿತು. ಈಗಿನಿಂದಲೇ ಅಮೃತಬಳ್ಳಿ ತಿನ್ನಿಸಿದರೆ ರಕ್ತದಲ್ಲಿ ಶಕ್ತಿ ಹೆಚ್ಚುತ್ತದೆ, ಕಾಲುಬಾಯಿ ಲಸಿಕೆಯೂ ಬೇಡ ಅಂತಾರೆ. ನಿಜವೇ?
– ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಬಳ್ಳಿಯ ಮಾತು ಅರ್ಧ ನಿಜ. ಲಸಿಕೆಯ ಮಾತು ಪೂರ್ತಿ ಸುಳ್ಳು.

ಈ 'ರಕ್ತದ ಶಕ್ತಿ'ಯನ್ನು ನಾನು ಕಣ್ಣಾರೆ ಕಂಡದ್ದು ಓದುವಾಗ. ಹಸುವಿನ ರಕ್ತಕ್ಕೆ ಎನ್‌ಬಿಟಿ ಅನ್ನೋ ಹಳದಿ ಬಣ್ಣ ಬೆರೆಸಿ, ಸ್ವಲ್ಪ ಹೊತ್ತು ಬೆಚ್ಚಗಿಟ್ಟು, ಗಾಜಿನ ಮೇಲೆ ಸವರಿ ನೋಡುತ್ತಿದ್ದೆವು. ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ರೋಗಾಣುವನ್ನು ನುಂಗಿ ಒಳಗೇ ಕೊಲ್ಲುತ್ತದೆ. ಹಾಗೆ ಕೆಲಸಕ್ಕಿಳಿದ ಕಣದೊಳಗೆ ಹಳದಿ ಹೋಗಿ ಕಡುನೀಲಿ ಚುಕ್ಕೆ ಕಾಣುತ್ತದೆ. ಸುಮ್ನೆ ಕೂತ ಕಣದಲ್ಲಿ ಏನೂ ಇಲ್ಲ. ನೂರಕ್ಕೆ ಎಷ್ಟು ನೀಲಿ ಅಂತ ಎಣಿಸಬೇಕು. ಹಸುವಿನ ರಕ್ತದಲ್ಲಿ ಲಿಂಫೋಸೈಟ್ ಅನ್ನೋ ಬೇರೆ ಬಗೆಯ ಬಿಳಿ ಕಣವೇ ಜಾಸ್ತಿ, ನ್ಯೂಟ್ರೋಫಿಲ್ ಹುಡುಕಿ ಮುಗಿಸೋ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು!

ಅಮೃತಬಳ್ಳಿ ಕಾಂಡದ ಸಾರ ಇಂಥ ನುಂಗುವ ಕಣಗಳನ್ನು ಚುರುಕು ಮಾಡುತ್ತದೆ ಅಂತ ಲ್ಯಾಬಿನಲ್ಲಿ ಕಂಡಿದ್ದಾರೆ. ಆದರೆ ಗಾಜಿನ ನಳಿಕೆಯಲ್ಲಿ ಸಾರ ನೇರವಾಗಿ ಕಣಕ್ಕೆ ತಾಗುತ್ತದೆ. ನೀವು ತಿನ್ನಿಸಿದ ಬಳ್ಳಿ ಮೊದಲು ಬೀಳೋದು ಹಸುವಿನ ಮೊದಲ ಹೊಟ್ಟೆಗೆ. ಅದೊಂದು ದೊಡ್ಡ ಹಂಡೆ, ತುಂಬಾ ಸೂಕ್ಷ್ಮಜೀವಿಗಳು. ಒಣಹುಲ್ಲನ್ನೇ ಕರಗಿಸುವ ಅವು ಬಳ್ಳಿಯನ್ನು ಬಿಡ್ತಾವಾ? ಮಾರುದ್ದ ಬಳ್ಳಿ ಹಾಕಿದರೆ ರಕ್ತಕ್ಕೆ ಇಷ್ಟೇ ಸೇರುತ್ತದೆ ಅನ್ನೋ ಲೆಕ್ಕ ನಡೆಯಲ್ಲ.

ಇನ್ನು ಲಸಿಕೆ. ಅದು ಕಾಲುಬಾಯಿ ವೈರಸ್ಸಿನ ಗುರುತು ಹಿಡಿಯೋದನ್ನೇ ಮೈಗೆ ಕಲಿಸುತ್ತದೆ. ಯಾವ ಸೊಪ್ಪೂ ಅದನ್ನು ಕಲಿಸಲ್ಲ. 6 ತಿಂಗಳಿಗೊಮ್ಮೆ ಹಾಕಿಸಲೇಬೇಕು. ಈಗ ತುಂಬು ಗಬ್ಬ ಅಲ್ವಾ, ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಹೋದ ಸಲ ಬಾವು ಬಂದದ್ದು ಆಶ್ಚರ್ಯವೇನಲ್ಲ. ಕರು ಹಾಕುವ ಹಿಂದೆ ಮುಂದೆ ಎರಡು ಮೂರು ವಾರ ಇದೇ ನ್ಯೂಟ್ರೋಫಿಲ್‌ಗಳು ಮಂಕಾಗುತ್ತವೆ. ಆಗ ಕೊಟ್ಟಿಗೆ ಒಣಗಿರಲಿ. ಹಾಲು ಕರೆದ ಮೇಲೆ ತೊಟ್ಟಿನ ಬಾಯಿ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಮುಂದೆ ಮೇವು ಹಾಕಿ ನಿಲ್ಲಿಸಿಕೊಳ್ಳಿ, ಸಗಣಿಯಲ್ಲಿ ಮಲಗಲು ಬಿಡಬೇಡಿ. ಬಳ್ಳಿಗೆ ಹುಡುಕುವ ಮೊದಲು ಒಂದು ಸಲ ಕೊಟ್ಟಿಗೆಯ ನೆಲ ನೋಡಿ.