ಕೋವಿಗಿಂತ ಮೊದಲು ಸೋಪು

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಮಟಮಟ ಮಧ್ಯಾಹ್ನ ಅಡಿಕೆ ಹರವಿದ್ದ ಅಂಗಳಕ್ಕೆ ನರಿಯೊಂದು ಜೊಲ್ಲು ಸುರಿಸುತ್ತ, ತೂರಾಡುತ್ತ ಬಂತು. ಮನೆ ನಾಯಿಯ ಜೊತೆ ಕಚ್ಚಾಡಿ, ಕೊಟ್ಟಿಗೆಗೆ ನುಗ್ಗಿ ಕರುವಿನ ಮೂತಿಗೆ ಬಾಯಿ ಹಾಕಿತು. ಅಕ್ಕಪಕ್ಕದವರು ಸೇರಿ ದೊಣ್ಣೆಯಲ್ಲಿ ಬಡಿದು ಕೊಂದು, ತೋಟದಾಚೆ ಹುಗಿದರು. ಮಾರನೇ ದಿನ ಅರಣ್ಯ ಇಲಾಖೆಯವರು ಬಂದು ವಿಚಾರಿಸಿದರು. "ಹುಚ್ಚು ನರಿ ಕೊಂದವನು ಕಳ್ಳನ ಹಾಗೆ ನಿಲ್ಲಬೇಕಾ? ಪರವಾನಗಿ ಕೋವಿ ಇದ್ದವರಿಗೆ ಇಂಥದ್ದನ್ನು ಕಂಡಲ್ಲೇ ಹೊಡೆಯಲು ಬಿಡಬೇಕು ಎಂದು ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?" ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಕ್ಕಳು ಆಡುವ ಅಂಗಳಕ್ಕೆ ಅಂಥ ಪ್ರಾಣಿ ಬಂದಾಗ ಕಾನೂನಿನ ಪುಸ್ತಕ ತೆಗೆದು ನೋಡುತ್ತ ಕೂರಲು ಯಾರಿಗೂ ಆಗುವುದಿಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಲ್ಲಿ, ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದಿದೆ. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಸುದ್ದಿ ಮುಟ್ಟಿಸದೆ ಹುಗಿಯುವ ಹಾಗಿಲ್ಲ. 2022ರ ತಿದ್ದುಪಡಿಯ ನಂತರ ನರಿ ಆ ಕಾಯ್ದೆಯ ಒಂದನೇ ಅನುಸೂಚಿಗೆ ಏರಿದೆ, ಹುಲಿ ಆನೆಗಳ ಸಾಲಿಗೆ. ಗಾರ್ಡು ಬಂದು ಕೇಳಿದ್ದು ಅದಕ್ಕೆ. ಕೋವಿಯ ಪರವಾಗಿ ನಾವು ಹೇಳಬಹುದಾದದ್ದು ಇಷ್ಟೇ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. ಮೂರನೇ ಪುಟದ ಕೊನೆಗೆ ಅರ್ಧ ಸಾಲು ಬರೆದಿದ್ದೀರಿ: "ಎಳೆದು ಹಾಕುವಾಗ ಭಾವನ ಮುಂಗೈಗೆ ಹಲ್ಲು ತರಚಿತು, ಸುಣ್ಣ ಹಚ್ಚಿದೆವು." ಕೋವಿಗೆ ನಾಲ್ಕು ಪುಟ, ಭಾವನ ಕೈಗೆ ಅರ್ಧ ಸಾಲು! ಪತ್ರ ಕೈಸೇರಿದ ದಿನವೇ ನಿಮಗೆ ಫೋನು ಮಾಡಿ ಅವರನ್ನು ಆಸ್ಪತ್ರೆಗೆ ಕಳಿಸಿದ್ದಾಯಿತು. ಉಳಿದ ಓದುಗರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಈ ಹುಚ್ಚು ತರುವ ರೇಬೀಸ್ ವೈರಾಣುವಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ಬಟ್ಟೆ ಸೋಪಾದರೂ ಸರಿ, ಮೈ ಸೋಪಾದರೂ ಸರಿ. ಮುಖ್ಯವಾದದ್ದು ಹರಿಯುವ ನೀರು ಮತ್ತು 15 ನಿಮಿಷ. ನಲ್ಲಿ ಇಲ್ಲದಿದ್ದರೆ ದಂಬೆ ನೀರಿನ ಕೆಳಗೆ ಕೈ ಹಿಡಿಯಿರಿ, ಅದೂ ಇಲ್ಲದಿದ್ದರೆ ಇನ್ನೊಬ್ಬರು ಚೊಂಬಿನಲ್ಲಿ ಹೊಯ್ಯುತ್ತಿರಲಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕೆಂದರೆ ಎರಡು ನಿಮಿಷಕ್ಕೇ ಸಾಕು ಅನ್ನಿಸಿಬಿಡುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಔಷಧಿ ಹಚ್ಚಿ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಹಸಿರೆಲೆ ರಸ ಯಾವುದೂ ಬೇಡ. ಅವು ಗಾಯವನ್ನು ಇನ್ನಷ್ಟು ಕೆರಳಿಸುತ್ತವೆ, ವೈರಾಣುವಿಗೆ ಏನೂ ಮಾಡುವುದಿಲ್ಲ. ಬಿಗಿಯಾಗಿ ಬಟ್ಟೆ ಸುತ್ತುವುದೂ ಬೇಡ. ಹೊಲಿಗೆಯನ್ನು ಆದಷ್ಟು ಮುಂದೂಡಬೇಕು, ಹಾಕಲೇಬೇಕಾದರೆ ಇಮ್ಯುನೊಗ್ಲೋಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟ ಮೇಲೆಯೇ.

ಕಾಡುಪ್ರಾಣಿ ಕಚ್ಚಿದ್ದು, ತರಚಿದ್ದು ಎಲ್ಲವೂ ನಮ್ಮ ದೇಶದ ಮಾರ್ಗಸೂಚಿಯಂತೆ ಮೂರನೇ ದರ್ಜೆಯ, ಅಂದರೆ ಅತಿ ಗಂಭೀರ ಗಾಯ. ಗೀರು ಎಷ್ಟು ಸಣ್ಣದು ಎಂಬುದು ಲೆಕ್ಕಕ್ಕಿಲ್ಲ. ಹತ್ತು ದಿನ ಪ್ರಾಣಿಯ ಮೇಲೆ ಕಣ್ಣಿಡುವ ಕ್ರಮ ನಾಯಿ ಬೆಕ್ಕಿಗೆ ಮಾತ್ರ, ನರಿ, ಮುಂಗುಸಿ, ಕಾಡುಬೆಕ್ಕಿಗೆ ಅಲ್ಲ. ಮೂರನೇ ದರ್ಜೆಗೆ ಎರಡು ಮದ್ದು ಬೇಕು. ಒಂದು ಲಸಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮದೊಳಕ್ಕೆ ಕೊಡುತ್ತಾರೆ: ಎರಡು ತೋಳಿಗೂ ತಲಾ 0.1 ಮಿಲಿ, 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಅದೂ ತೋಳಿಗೇ, ಕುಂಡೆಗೆ ಅಲ್ಲ, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ನಾಟುವುದಿಲ್ಲ. ಇನ್ನೊಂದು ರೇಬೀಸ್ ಇಮ್ಯುನೊಗ್ಲೋಬ್ಯುಲಿನ್. ಲಸಿಕೆಯಿಂದ ಮೈಯಲ್ಲಿ ರಕ್ಷಣೆ ಹುಟ್ಟಲು ಒಂದು ವಾರದ ಮೇಲೆ ಬೇಕು, ಆ ವಾರವನ್ನು ಕಾಯುವುದು ಇದು. ಕುದುರೆ ರಕ್ತದಿಂದ ತೆಗೆದದ್ದಾದರೆ ಕೆಜಿ ತೂಕಕ್ಕೆ 40 ಯೂನಿಟ್, ಮನುಷ್ಯರದ್ದಾದರೆ 20. ಭಾವ 60 ಕೆಜಿ ಇದ್ದರೆ ಹೆಚ್ಚೆಂದರೆ 2,400 ಅಥವಾ 1,200 ಯೂನಿಟ್. ಇದನ್ನು ಗಾಯದ ಒಳಕ್ಕೂ ಸುತ್ತಲೂ ಚುಚ್ಚಬೇಕು. ನೋವಾಗುತ್ತದೆ, ಬೆರಳ ತುದಿಗಂತೂ ಬಹಳ. ಮೊದಲ ಲಸಿಕೆಯ ದಿನವೇ ಆಗಬೇಕು, ತಪ್ಪಿದರೆ ಅಲ್ಲಿಂದ ಏಳನೇ ದಿನದೊಳಗೆ. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ 0 ಮತ್ತು 3ನೇ ದಿನದ ಎರಡು ಡೋಸು ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಕಿಲ್ಲ.

ಕೆಡುವುದೆಲ್ಲ ಇಲ್ಲೇ. ಗಾಯ ಒಂದು ವಾರಕ್ಕೆ ಮಾಯುತ್ತದೆ, ಕೊಯ್ಲಿನ ಗಡಿಬಿಡಿಯಲ್ಲಿ 28ನೇ ದಿನದ ಡೋಸು ಮರೆತೇಹೋಗುತ್ತದೆ. ರೋಗವೋ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಸುಮ್ಮನಿದ್ದು, ಕೆಲವೊಮ್ಮೆ ವರ್ಷದವರೆಗೂ ಕಾದು, ಆಮೇಲೆ ತಲೆ ಎತ್ತುತ್ತದೆ. ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ತಯಾರಿಕೆ 2004ರ ಕೊನೆಗೇ ದೇಶದಲ್ಲಿ ನಿಂತಿದೆ. ಪಥ್ಯವೂ ಇಲ್ಲ, ಬಸುರಿಯರೂ ಹಾಕಿಸಿಕೊಳ್ಳಬಹುದು.

ನಿಮ್ಮ ನರಿಗೆ ಹುಚ್ಚು ಹಿಡಿದಿತ್ತೇ? ಹೇಳುವ ದಾರಿಯನ್ನು ನೀವೇ ದೊಣ್ಣೆಯಲ್ಲಿ ಮುಚ್ಚಿದಿರಿ. ಹಗಲು ಕಂಡ ಮಾತ್ರಕ್ಕೆ ನರಿಗೆ ಹುಚ್ಚಲ್ಲ, ಮರಿ ಸಾಕುವ ಕಾಲದಲ್ಲಿ ಹಗಲೂ ತಿರುಗುತ್ತದೆ. ತೂರಾಟ, ಜೊಲ್ಲು, ಸೆಳೆತ ಇವು ಡಿಸ್ಟೆಂಪರ್ ರೋಗದಲ್ಲೂ ಇಲಿ ಪಾಷಾಣ ತಿಂದಾಗಲೂ ಬರುತ್ತವೆ. ಹುಚ್ಚು ಹಿಡಿದ ಪ್ರಾಣಿ ನೀರು ಕಂಡರೆ ಓಡುತ್ತದೆ ಎಂಬುದು ಸುಳ್ಳು, ಆ ಲಕ್ಷಣ ಮನುಷ್ಯರದ್ದು. ಮನುಷ್ಯರ ಹೆದರಿಕೆ ಪೂರ್ತಿ ಹೋಗಿರುವುದು, ಕಲ್ಲು ಕಟ್ಟಿಗೆ ಕಚ್ಚುವುದು, ಕೆಳದವಡೆ ಜೋತು ಬೀಳುವುದು, ಹಿಂಗಾಲು ಎಳೆಯುವುದು, ಇಷ್ಟೂ ಕಂಡರೂ ಅನುಮಾನ ಮಾತ್ರ. ಖಾತ್ರಿಯಾಗುವುದು ಮಿದುಳಿನ ಪರೀಕ್ಷೆಯಿಂದ. ತಲೆಗೆ ಗುಂಡು ಹೊಡೆದರೆ, ದೊಣ್ಣೆಯಲ್ಲಿ ಜಜ್ಜಿದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಕೋವಿಯವರು ಗುರಿಯಿಡುವುದು ತಲೆಗೇ ತಾನೆ!

ಹಾಗಾಗಿ ಮುಂದಿನ ಸಲ ಹೀಗೆ ಮಾಡಿ. ಮಕ್ಕಳನ್ನು ಒಳಗೆ ಕರೆಯಿರಿ, ನಾಯಿಯನ್ನು ಕಟ್ಟಿ, ಕೊಟ್ಟಿಗೆ ಬಾಗಿಲು ಹಾಕಿ, ದಣಪೆ ತೆಗೆದಿಟ್ಟು ಅದು ಹೋಗಲು ದಾರಿ ಬಿಡಿ. ಸುತ್ತುವರಿಯಬೇಡಿ, ನಾಯಿ ಛೂ ಬಿಡಬೇಡಿ. ಸೌದೆ ಕೊಟ್ಟಿಗೆಯನ್ನೋ ಬಚ್ಚಲನ್ನೋ ಹೊಕ್ಕರೆ ಹೊರಗಿನಿಂದ ಚಿಲಕ ಹಾಕಿ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿ, ದನಕರು ಕಚ್ಚಿಸಿಕೊಂಡಿದ್ದರೆ ಪಶು ಇಲಾಖೆಯ 1962ಕ್ಕೆ. ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹೆಡಿಗೆ ಕವುಚಿ ಮೇಲೊಂದು ಕಲ್ಲು ಹೇರಿಡಿ. ತಲೆ ಬೇರ್ಪಡಿಸುವ ಕೆಲಸ ಪಶುವೈದ್ಯರದ್ದು. ಅದು ಸೋರದ ಎರಡು ಹೊದಿಕೆಯಲ್ಲಿ, ಐಸಿನ ನಡುವೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಹೋಗಬೇಕು. ಅಂಗಗಳನ್ನು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿದರೆ ಪರೀಕ್ಷೆ ಕೆಡುತ್ತದೆ. ಜೊಲ್ಲು ಬಿದ್ದ ಜಾಗಕ್ಕೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಸುರಿಯಿರಿ.

ಕರುವಿನ ವಿಷಯ. ಅದರ ಗಾಯಕ್ಕೂ ಸೋಪಿನ ತೊಳೆತ, ಪಶುವೈದ್ಯರಿಂದ 0, 3, 7, 14, 28ನೇ ದಿನದ ಲಸಿಕೆ. ನಾಲ್ಕಾರು ತಿಂಗಳು ಅದನ್ನು ಗಮನಿಸಿ. ಮೇವು ಬಿಟ್ಟು, ದನಿ ಒಡೆದು ಕೂಗುತ್ತ, ಜೊಲ್ಲು ಸುರಿಸಿದರೆ ಗಂಟಲಲ್ಲಿ ಅಡಿಕೆ ಸಿಪ್ಪೆಯೋ ಮಾವಿನ ಓಟೆಯೋ ಸಿಕ್ಕಿದೆ ಎಂದು ಮೊಣಕೈವರೆಗೆ ಕೈ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದೇ ಕೈಯ ಅಡಿಕೆ ಸುಲಿದ ಗೀರುಗಳೊಳಗೆ ಜೊಲ್ಲು ಇಳಿಯುತ್ತದೆ. ಕಚ್ಚಿಸಿಕೊಂಡದ್ದು ಕರೆಯುವ ಹಸುವಾದರೆ ಅದರ ಹಾಲನ್ನು ಕುದಿಸದೆ ಮುಟ್ಟಬೇಡಿ.

ಕೋವಿಯಿಂದ ರೇಬೀಸ್ ಹೋಗುತ್ತದೆಯೇ ಎಂಬುದನ್ನು ಯುರೋಪು ನಮಗಿಂತ ಮೊದಲೇ ಪರೀಕ್ಷಿಸಿ ನೋಡಿದೆ. ಅಲ್ಲಿನ ಕೆಂಪು ನರಿಗಳನ್ನು ಗುಂಡಿಕ್ಕಿ ಕೊಂದರು, ಬಿಲಗಳಿಗೆ ವಿಷಾನಿಲ ಬಿಟ್ಟರು. ಖಾಲಿಯಾದ ಜಾಗಕ್ಕೆ ಹೊಸ ನರಿಗಳು ಬಂದವು, ರೋಗ ಮುಂದೆ ಸಾಗುತ್ತಲೇ ಇತ್ತು. 1978ರಲ್ಲಿ ಸ್ವಿಟ್ಜರ್ಲೆಂಡಿನವರು ರೋನ್ ಕಣಿವೆಯಲ್ಲಿ ಕೋಳಿ ತಲೆಗಳಲ್ಲಿ ಲಸಿಕೆ ಅಡಗಿಸಿ ಕಾಡಿಗೆ ಎಸೆದರು. ನರಿಗಳು ತಿಂದವು. 1999ರಲ್ಲಿ ಆ ದೇಶ ರೇಬೀಸ್ ಮುಕ್ತವಾಯಿತು.

ನಮ್ಮಲ್ಲೂ ಕೋಳಿ ತಲೆ ಎಸೆಯುತ್ತೇವೆ, ಲಸಿಕೆ ಇಲ್ಲದೆ. ಘಾಟಿ ರಸ್ತೆಯ ತಿರುವುಗಳಲ್ಲಿ, ಊರ ಹೊರಗಿನ ಹಳ್ಳದಲ್ಲಿ ಕೋಳಿ ಅಂಗಡಿಯ ಮೂಟೆಗಳು ಬೀಳುತ್ತವೆ. ರಾತ್ರಿ ಬೀದಿನಾಯಿಗಳೂ ನರಿಗಳೂ ಅಲ್ಲೇ ಮುಖಾಮುಖಿ. ಮನುಷ್ಯರಿಗೆ ರೇಬೀಸ್ ಬರುವುದು ನೂರಕ್ಕೆ 95ಕ್ಕೂ ಹೆಚ್ಚು ಸಲ ನಾಯಿಯಿಂದಲೇ, ನರಿಗೂ ಅದು ದಾಟುವುದು ಹೆಚ್ಚಾಗಿ ನಾಯಿಯಿಂದ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆದರೆ ಸರಪಳಿ ಮುರಿಯುತ್ತದೆ. ಮರಿಗೆ ಮೂರು ತಿಂಗಳಿಗೆ ಒಂದು, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು, ಅಷ್ಟೇ ಖರ್ಚು. ನರಿಯ ಜೊತೆ ಕಚ್ಚಾಡಿದ ನಿಮ್ಮ ನಾಯಿಗೆ ಲಸಿಕೆ ಆಗಿತ್ತೋ ಇಲ್ಲವೋ ನೀವು ಬರೆದಿಲ್ಲ. ಆಗಿದ್ದರೂ ಮತ್ತೆ ಹಾಕಿಸಬೇಕು, ಆಗಿರದಿದ್ದರೆ ಕೂಡಲೇ ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸಿ.

ನಮಗೆ ಬೇಸರವಾಗುವುದು ಇನ್ನೊಂದಕ್ಕೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡದ್ದರಿಂದ ಈ ಜಿಲ್ಲೆಯ ಶಾಲೆ ಮಕ್ಕಳಿಗೂ ಗೊತ್ತು, ಸತ್ತ ಮಂಗವನ್ನು ಮುಟ್ಟಬಾರದು, ಆರೋಗ್ಯ ಇಲಾಖೆಗೆ ಹೇಳಬೇಕು ಎಂದು. ಅಷ್ಟು ಕಲಿತ ಜನ ಸತ್ತ ನರಿಯನ್ನು ಬಾಲ ಹಿಡಿದು ಎಳೆಯುತ್ತಾರೆ. ಇಲಾಖೆಗಳೂ ಕಡಿಮೆಯಿಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಆಗುಂಬೆ ಕಡೆಯ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಇಮ್ಯುನೊಗ್ಲೋಬ್ಯುಲಿನ್ ಕೇಳಿದರೆ "ಶಿವಮೊಗ್ಗಕ್ಕೆ ಹೋಗಿ" ಎಂದು ಚೀಟಿ ಬರೆಯುವ ಆಸ್ಪತ್ರೆಗಳಿವೆ. ಕೂಲಿಗೆ ಹೋಗುವವನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅರ್ಧ ದಿನ, ಅರ್ಧ ಕೂಲಿ ಹೋಯಿತು. ಅವನು ಸುಣ್ಣ ಹಚ್ಚಿಕೊಂಡು ಮನೆಯಲ್ಲೇ ಉಳಿದರೆ ಬೈಯುವುದು ಯಾರನ್ನು?

ಕೋವಿಗೆ ಅರ್ಜಿ ಹಾಕುವುದಾದರೆ ಹಾಕಿ, ಬೇಡ ಎನ್ನಲು ನಾವು ಯಾರು? ಜೊತೆಗೆ ಬರುವ ಗ್ರಾಮಸಭೆಗೆ ಇನ್ನೊಂದು ಅರ್ಜಿ ಬರೆಯಿರಿ: ತಾಲ್ಲೂಕು ಆಸ್ಪತ್ರೆಯಲ್ಲಿ ಇಮ್ಯುನೊಗ್ಲೋಬ್ಯುಲಿನ್ ಎಷ್ಟು ವಯಲ್ ಇದೆ, ಊರಿನ ನಾಯಿಗಳಿಗೆ ಲಸಿಕೆ ಶಿಬಿರ ಯಾವ ತಾರೀಕಿಗೆ, ಕೋಳಿ ತ್ಯಾಜ್ಯ ಎಸೆಯುವವರಿಗೆ ಪಂಚಾಯಿತಿ ಇದುವರೆಗೆ ಎಷ್ಟು ದಂಡ ಹಾಕಿದೆ ಎಂದು. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.