ಪೋಲೆಂಡ್ ಹಾಡು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಿಂಧನೂರು ಹತ್ತಿರದ ಒಂದು ಕ್ಯಾಂಪಿನವನು. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಪಾಳಿ ಇದ್ದಾಗ ಮೊಬೈಲ್‌ನಲ್ಲಿ ಹಾಡು ಹಚ್ಚಿಕೊಂಡು ಕೂರುವ ಅಭ್ಯಾಸ. ಮೊನ್ನೆ ಒಂದು ಪಿಯಾನೊ ತುಣುಕು ತಾನಾಗಿಯೇ ಬಂತು, ಮನಸ್ಸಿಗೆ ಹಿಡಿಸಿತು. ಶೋಪ್ಯಾನ್ ಅಂತ ಹೆಸರಿತ್ತು, ಪೋಲೆಂಡ್ ದೇಶದವನಂತೆ. ಅಲ್ಲಿಂದ ಆ ದೇಶದ ಸಂಗೀತ ಹುಡುಕಲು ಹೋದರೆ ರಾಶಿ ರಾಶಿ ಬರುತ್ತಿದೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗ್ತಿಲ್ಲ. ಭಾಷೆ ಬರಲ್ಲ. ಪಾಶ್ಚಾತ್ಯ ಸಂಗೀತ ಕಲಿತವನೂ ಅಲ್ಲ. ಊರ ಭಜನೆಯಲ್ಲಿ ತಾಳ ಹಾಕುತ್ತೇನೆ, ಅಷ್ಟೇ. ನನ್ನಂಥವನಿಗೆ ಇದು ಹತ್ತುತ್ತದಾ?

ಉತ್ತರ: ಹತ್ತುತ್ತದೆ ಅಣ್ಣಾ. ತಾಳ ಹಾಕುವವರಿಗೆ ಇನ್ನೂ ಬೇಗ ಹತ್ತುತ್ತದೆ. ಒಂದೇ ಮಾತು: ದೊಡ್ಡ ದೊಡ್ಡ ಪಟ್ಟಿ ಹಿಡಿದು ಹೋಗಬೇಡಿ. ನಿಮ್ಮ ಕಿವಿಗೆ ಈಗಾಗಲೇ ಏನು ಗೊತ್ತಿದೆಯೋ ಆ ಬಾಗಿಲಿನಿಂದಲೇ ಒಳಗೆ ಹೋಗಿ.

ಈಗಲೇ ಒಂದು ಕೆಲಸ ಮಾಡಿ. ತಾಳ ಕೈಗೆ ತಗೊಳ್ಳಿ. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು. ಸಹಜವಾಗಿ ಒಂದಕ್ಕೆ ಗಟ್ಟಿಯಾಗಿ ಬೀಳುತ್ತದೆ, ಅಲ್ವಾ? ಈಗ ಒಂದನ್ನು ಮೆತ್ತಗೆ ಬಿಟ್ಟು ಎರಡಕ್ಕೋ ಮೂರಕ್ಕೋ ಪೆಟ್ಟು ಕೊಡಿ. ಮೊದಲು ಕೈ ತಡವರಿಸುತ್ತದೆ, ನಾಲ್ಕು ಸುತ್ತು ಆಗುವಷ್ಟರಲ್ಲಿ ಅದರದ್ದೇ ಒಂದು ತೂಗಾಟ ಸಿಗುತ್ತದೆ. ಅದೇ ಮಜುರ್ಕಾ. ಪೋಲೆಂಡಿನ ರಾಜಧಾನಿ ವಾರ್ಸಾ ಸುತ್ತಲಿನ ಮಜೋವಿಯಾ ಸೀಮೆಯ ಹಳ್ಳಿ ಕುಣಿತ. ಇದರ ಬಳಗದಲ್ಲಿ ನಿಧಾನವಾಗಿ ಸಾಗುವುದಕ್ಕೆ ಕುಯಾವಿಯಾಕ್ ಅಂತಾರೆ, ತಲೆ ತಿರುಗುವಷ್ಟು ಜೋರಾಗಿ ಸುತ್ತುವುದಕ್ಕೆ ಒಬೆರೆಕ್. ಪೋಲೆಂಡಿನ ರಾಷ್ಟ್ರಗೀತೆ ಕೂಡ ಒಂದು ಮಜುರ್ಕಾನೇ. ಅದನ್ನು 1797ರಲ್ಲಿ, ದೇಶ ಬಿಟ್ಟು ಇಟಲಿಯಲ್ಲಿದ್ದ ಪೋಲಿಷ್ ಸೈನಿಕರಿಗಾಗಿ ಬರೆದದ್ದು. ಆಗ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಹಂಚಿಕೊಂಡಿದ್ದವು, 1795ರಿಂದ 1918ರವರೆಗೆ, 123 ವರ್ಷ. ಅಷ್ಟೂ ವರ್ಷ ನೆಲ ಕೈಯಲ್ಲಿ ಇಲ್ಲದವರು ಹಾಡು, ಕುಣಿತ, ಪದ್ಯಗಳಲ್ಲೇ ದೇಶವನ್ನು ಇಟ್ಟುಕೊಂಡಿದ್ದರು. ಇದೊಂದು ಗೊತ್ತಿದ್ದರೆ ಅಲ್ಲಿನ ಸಂಗೀತದಲ್ಲಿ ಇಷ್ಟು ನೋವು ಯಾಕೆ, ಇಷ್ಟು ಹಟ ಯಾಕೆ ಅಂತ ಅರ್ಥವಾಗುತ್ತದೆ.

ಶೋಪ್ಯಾನ್ ಹುಟ್ಟಿದ್ದು 1810ರಲ್ಲಿ, ವಾರ್ಸಾ ಹತ್ತಿರದ ಹಳ್ಳಿಯಲ್ಲಿ. 20ರ ವಯಸ್ಸಿನಲ್ಲಿ ಊರು ಬಿಟ್ಟರು. ಹಿಂದೆಯೇ ವಾರ್ಸಾದಲ್ಲಿ ರಷ್ಯಾ ವಿರುದ್ಧ ದಂಗೆ ಎದ್ದು ಸೋತಿತು. ಅವರು ಮತ್ತೆ ಊರಿನ ಮುಖ ನೋಡಲಿಲ್ಲ. 1849ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ದೇಹ ಅಲ್ಲೇ ಮಣ್ಣಾಯಿತು, ಹೃದಯವನ್ನು ಮಾತ್ರ ಅಕ್ಕ ವಾರ್ಸಾಕ್ಕೆ ತಂದರು. ಈಗಲೂ ಅದು ಅಲ್ಲಿನ ಒಂದು ಚರ್ಚಿನ ಕಂಬದೊಳಗೆ ಇದೆ. ಅಷ್ಟು ವರ್ಷ ಪರದೇಶದಲ್ಲಿ ಕೂತು ಅವರು ಬಿಡದೆ ಬರೆದದ್ದು ಮಜುರ್ಕಾಗಳನ್ನು, 50ಕ್ಕೂ ಜಾಸ್ತಿ.

ಅದರಲ್ಲಿ ಒಂದನ್ನು ನೀವು ಕೇಳಲೇಬೇಕು: ಓಪಸ್ 68, ಮೂರನೆಯದು (ಓಪಸ್ ಅಂದರೆ ಕೃತಿಯ ಸಂಖ್ಯೆ). ಎರಡು ನಿಮಿಷವೂ ಹಿಡಿಯುವುದಿಲ್ಲ. ನಡುವೆ ಒಂದು ಕಡೆ ಎಡಗೈ ಸುಮ್ನೆ ಎರಡೇ ಸ್ವರ ಹಿಡಿದು ನಿಲ್ಲುತ್ತದೆ, ನಮ್ಮ ಸಾ ಮತ್ತು ಪಾ. ಅದರ ಮೇಲೆ ಬಲಗೈ ಒಂದು ಸಣ್ಣ ಕೊಳಲಿನ ಹಾಗೆ ಓಡಾಡುತ್ತದೆ. ನಾನು ಇದನ್ನು ರಾಯಚೂರಿನಲ್ಲಿ ಹಾರ್ಮೋನಿಯಂ ಕಲಿಸುವ ಹಿರಿಯರೊಬ್ಬರಿಗೆ ಫೋನಿನಲ್ಲಿ ಕೇಳಿಸಿದ್ದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಆ ಜಾಗ ಬಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. "ತಡೀರಿ, ಇದು ತೀವ್ರ ಮಧ್ಯಮ. ಯಮನ್‌ದು" ಅಂದರು. ಹಾರ್ಮೋನಿಯಂ ಎಳೆದುಕೊಂಡು ಷಡ್ಜ ಪಂಚಮ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆ ನಾಲ್ಕು ಸಾಲು ನುಡಿಸಿಯೇ ಬಿಟ್ಟರು. ಅವರು ಹೇಳಿದ್ದು ಸರಿ. ಯಮನ್ ರಾಗವಲ್ಲ ಅದು, ಆದರೆ ಏರಿಸಿದ ಮಧ್ಯಮ ಮಾತ್ರ ನಿಜ. ಪೋಲೆಂಡ್ ಹಳ್ಳಿಯ ಪಿಟೀಲಿನವರು ಆ ಮಧ್ಯಮ ನುಡಿಸುತ್ತಿದ್ದರು, ಶೋಪ್ಯಾನ್ ಚಿಕ್ಕಂದಿನಲ್ಲಿ ಹಳ್ಳಿ ಕಡೆ ಹೋದಾಗ ಈ ಕುಣಿತದ ಹಾಡುಗಳನ್ನು ಕೇಳಿದ್ದರು.

ಅದೇ ಮಧ್ಯಮ ಹಿಡಿದುಕೊಂಡು ದಕ್ಷಿಣಕ್ಕೆ ಹೋದರೆ ತಾತ್ರಾ ಬೆಟ್ಟ ಸಿಗುತ್ತದೆ, ಜಾಕೊಪಾನೆ ಅನ್ನುವ ಊರು. ಅಲ್ಲಿ ಕುರಿ ಕಾಯುವವರ ಹಾಡಿನಲ್ಲೂ ಇದೇ ಏರಿಸಿದ ಮಧ್ಯಮ. ಒಬ್ಬ ಮುಂದಾಳು ಪಿಟೀಲು ಎಳೆಯುತ್ತಾನೆ, ಉಳಿದ ಪಿಟೀಲುಗಳು ಹಿಂದೆ ತಾಳ ಕಚ್ಚಿ ಹಿಡಿಯುತ್ತವೆ, ಕೆಳಗೆ ಮೂರು ತಂತಿಯ ಒಂದು ದಪ್ಪ ದನಿಯ ವಾದ್ಯ. ಶಿಮನೋವ್‌ಸ್ಕಿ ಅನ್ನುವ ದೊಡ್ಡ ಸಂಗೀತಗಾರರು ಇದಕ್ಕೆ ಮನಸೋತು ಜಾಕೊಪಾನೆಯಲ್ಲೇ ಮನೆ ಮಾಡಿಕೊಂಡಿದ್ದರು. ಅವರದ್ದು ಆಮೇಲೆ ಕೇಳಿ. ಮೊದಲು ವೊಯ್ಚೆಹ್ ಕಿಲಾರ್ ಅನ್ನುವ ಸಂಗೀತಗಾರರ 'ಒರಾವಾ' ಹಾಕಿ, 1986ರದ್ದು, ಬರೀ ತಂತಿವಾದ್ಯ. ಒಂದು ಪಿಟೀಲಿನಲ್ಲಿ ಶುರುವಾಗಿ ಜಾತ್ರೆ ಸೇರಿದ ಹಾಗೆ ಸೇರುತ್ತಾ ಸೇರುತ್ತಾ ಹೋಗಿ, ಕೊನೆಗೆ ನುಡಿಸುವವರೇ "ಹೇಯ್!" ಅಂತ ಕೂಗಿ ಮುಗಿಸುತ್ತಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಹಾರಿಹೋಗುತ್ತದೆ.

ಇನ್ನು ಭಾಷೆಯ ಮಾತು. ನಮ್ಮ ಕಡೆ ಸಿದ್ಧರಾಮ ಜಂಬಲದಿನ್ನಿ ಅವರು ವಚನ ಹಾಡಿದ್ದನ್ನು ಕೇಳಿದವರಿಗೆ ನಾನು ಬೇರೆ ಹೇಳಬೇಕಿಲ್ಲ. ಪದ್ಯ ಮೊದಲೇ ಇರುತ್ತದೆ, ಹಾಡುವವರು ಅದಕ್ಕೆ ಉಸಿರು ಕೊಡುತ್ತಾರೆ. ಪೋಲೆಂಡಿನಲ್ಲೂ ಇದು ದೊಡ್ಡ ಪರಂಪರೆ, ಅದಕ್ಕೆ 'ಹಾಡಿದ ಕಾವ್ಯ' ಅಂತಲೇ ಹೆಸರು. ನಮ್ಮ ಭಾವಗೀತೆಯ ಅಕ್ಕನೋ ತಂಗಿಯೋ ಅನ್ನಿ. ಕ್ರಾಕೋವ್ ಊರಿನ ಒಂದು ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಕಾರ್ಯಕ್ರಮಗಳಲ್ಲಿ ಎವಾ ಡೆಮಾರ್ಚಿಕ್ ಹಾಡುತ್ತಿದ್ದರು. ಅವರ 1967ರ ಆಲ್ಬಂ ಹುಡುಕಿ ಕೇಳಿ. ಒಂದು ಶಬ್ದ ತಿಳಿಯದಿದ್ದರೂ ಆ ದನಿ ಎದುರು ನಿಂತು ಮಾತಾಡುತ್ತದೆ. ಅದೇ ವರ್ಷ ಚೆಸ್ವಾವ್ ನಿಯೆಮೆನ್ ಅನ್ನುವ ಗಾಯಕ 'ಈ ಲೋಕ ವಿಚಿತ್ರ' ಅನ್ನುವ ಅರ್ಥದ ಹಾಡನ್ನು ಕೂಗಿ ಕೂಗಿ ಹಾಡಿ ಇಡೀ ದೇಶವನ್ನು ಅಲುಗಾಡಿಸಿದರು. ಆಮೇಲೆ ಅವರೇ 19ನೇ ಶತಮಾನದ ಒಂದು ಕವಿತೆಯನ್ನು ಆರ್ಗನ್ ಇಟ್ಟುಕೊಂಡು ಕಾಲು ಗಂಟೆ ಹಾಡಿದರು, ರಾಕ್ ಸಂಗೀತದಲ್ಲಿ! ಈಗಿನ ಹುಡುಗಿಯರಲ್ಲಿ ಸಾನಾ ಅನ್ನುವ ಗಾಯಕಿಗೆ ಅಲ್ಲಿ ಭಾರಿ ಹೆಸರು. 2022ರಲ್ಲಿ ಅವರು ಒಂದು ಆಲ್ಬಂ ಪೂರ್ತಿ ಕವಿಗಳ ಪದ್ಯಗಳನ್ನೇ ಹಾಡಿದ್ದಾರೆ, ನೊಬೆಲ್ ಪಡೆದ ಶಿಂಬೋರ್ಸ್ಕಾ ಅವರದ್ದೂ ಇದೆ. ಕಾಲೇಜು ಮಕ್ಕಳು ಪಠ್ಯದ ಪದ್ಯವನ್ನು ಬಾಯಿಪಾಠವಾಗಿ ಹಾಡುತ್ತಾರೆ ಅಂದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಕೊನೆಯದಾಗಿ ಒಂದು. ಇದನ್ನು ಕೆಲಸದ ನಡುವೆ ಹಾಕಬೇಡಿ. ರಜೆ ದಿನ, ಮನೆಯಲ್ಲಿ ಸದ್ದಡಗಿದ ಮೇಲೆ ಕೇಳಿ. ಗುರೆಟ್ಸ್ಕಿ ಅನ್ನುವ ಸಂಗೀತಗಾರರ ಮೂರನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ), 1976ರದ್ದು, 'ದುಃಖದ ಹಾಡುಗಳು' ಅಂತ ಹೆಸರು. ಶುರುವಿನಲ್ಲಿ ಏನೂ ಕೇಳುವುದಿಲ್ಲ, ಫೋನ್ ಕೆಟ್ಟಿದೆ ಅನ್ನಿಸುತ್ತದೆ. ತೀರಾ ಕೆಳಗಿನ ಸ್ವರದಲ್ಲಿ ತಂತಿಗಳು ಮೆಲ್ಲಗೆ ಎದ್ದು, ಒಂದರ ಹಿಂದೆ ಒಂದು ಪದರ ಸೇರಿ, ವಿಲಂಬಿತದಲ್ಲಿ ಆಲಾಪ ಮಂದ್ರದಿಂದ ಮೇಲೇರುವ ಹಾಗೆ ಏರುತ್ತವೆ. ಹೆಡ್‌ಫೋನ್ ಬೇಕೇ ಬೇಕು. ಎರಡನೇ ಭಾಗ ಜಾಕೊಪಾನೆಯದೇ ಕತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗುಪ್ತ ಪೊಲೀಸು ಪಡೆ ಗೆಸ್ಟಾಪೊ ಅಲ್ಲೊಂದು ಜೈಲು ಮಾಡಿತ್ತು. 1944ರಲ್ಲಿ 18 ವರ್ಷದ ಹುಡುಗಿಯೊಬ್ಬಳು ಅಲ್ಲಿನ ಗೋಡೆ ಮೇಲೆ, ಅಮ್ಮಾ ಅಳಬೇಡ ಅಂತ ಬರೆದಿದ್ದಳು. ಸಿಟ್ಟಿಲ್ಲ, ಸೇಡಿಲ್ಲ, ಜೈಲಿನಲ್ಲಿ ಕೂತ ಮಗಳು ಹೊರಗಿರುವ ತಾಯಿಗೆ ಸಮಾಧಾನ ಹೇಳುತ್ತಿದ್ದಾಳೆ. ಆ ನಾಲ್ಕು ಮಾತಿಗೇ ಗುರೆಟ್ಸ್ಕಿ ರಾಗ ಕೂಡಿಸಿದ್ದು. 1992ರಲ್ಲಿ ಬಂದ ಇದರ ಒಂದು ಧ್ವನಿಮುದ್ರಣ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಇಂಗ್ಲೆಂಡಿನಲ್ಲಿ ಪಾಪ್ ಆಲ್ಬಂಗಳ ಪಟ್ಟಿಯಲ್ಲೇ ಆರನೇ ಸ್ಥಾನಕ್ಕೆ ಬಂತು. ಹಾಡಿದವರು ಡಾನ್ ಅಪ್‌ಶಾ. ಅದನ್ನೇ ಹುಡುಕಿ.

ಹುಡುಕುವಾಗ ಒಂದು ಕಿವಿಮಾತು. ಪೋಲಿಷ್ ಅಕ್ಷರದ ಮೇಲಿನ ಕೆಳಗಿನ ಗುರುತು ಬಿಟ್ಟು ಟೈಪ್ ಮಾಡಿದರೂ ಸಿಗುತ್ತದೆ. ಓದುವಾಗ ಡಬ್ಲ್ಯೂ ಬಂದರೆ 'ವ' ಅನ್ನಿ, ಸಿ-ಝಡ್ ಜೊತೆಯಾಗಿ ಬಂದರೆ 'ಚ', ಎಸ್-ಝಡ್ ಬಂದರೆ 'ಶ', ಸಿ ಒಂದೇ ಇದ್ದರೆ 'ತ್ಸ'. ಗುರೆಟ್ಸ್ಕಿ ಹೆಸರಿನಲ್ಲಿ 'ಟ್ಸ' ಬಂದದ್ದು ಹಾಗೆ.

ಪ್ರಶ್ನೆ: ಬಳ್ಳಾರಿಯಿಂದ. ವಯಸ್ಸು 19, ಅಪ್ಪನ ಜೊತೆ ಜೀನ್ಸ್ ಹೊಲಿಯುವ ಯೂನಿಟ್ ನೋಡಿಕೊಳ್ತೇನೆ. ನನಗೆ ರ‍್ಯಾಪ್, ಮೆಟಲ್ ಇಷ್ಟ. ಪೋಲೆಂಡ್ ಅಂದರೆ ಬರೀ ಪಿಯಾನೊನಾ?

ಉತ್ತರ: ಅಲ್ಲವೇ ಅಲ್ಲ ತಮ್ಮಾ. ನೀನು ಬಳ್ಳಾರಿಯವನು ಅಂದಿದ್ದಕ್ಕೆ ಎರಡು ಊರು ಹೇಳ್ತೇನೆ. ಒಂದು ವುಜ್. ನಿಮ್ಮ ಯೂನಿಟ್ಟಿನ ಹಾಗೆ ಬಟ್ಟೆಯಿಂದಲೇ ಬದುಕಿದ ಊರು, 19ನೇ ಶತಮಾನದಲ್ಲಿ ಅಲ್ಲಿ ನೋಡಿದಲ್ಲೆಲ್ಲ ಹತ್ತಿ ಗಿರಣಿ. ಅಲ್ಲಿಂದ ಬಂದ ರ‍್ಯಾಪರ್ ಓ.ಎಸ್.ಟಿ.ಆರ್. ಸಂಗೀತ ಅಕಾಡೆಮಿಯಲ್ಲಿ ಪಿಟೀಲು ಓದಿದವರು. ಬೀಟ್ ಕೇಳಿದರೇ ಅದು ತಿಳಿಯುತ್ತದೆ.

ಇನ್ನೊಂದು ಕಾಟೊವಿತ್ಸೆ. ಸೊಂಡೂರಿಗೆ ಅದಿರು ಹೇಗೋ ಆ ಊರಿಗೆ ಕಲ್ಲಿದ್ದಲು ಹಾಗೆ. ಗುರೆಟ್ಸ್ಕಿ ಇದ್ದದ್ದು ಅಲ್ಲಿ, ಕಿಲಾರ್ ಇದ್ದದ್ದೂ ಅಲ್ಲಿ. ಅದೇ ಸೀಮೆಯ ಹುಡುಗರು ಪಾಕ್ಟೊಫೊನಿಕಾ ಅಂತ ಗುಂಪು ಕಟ್ಟಿ 2000ದ ಡಿಸೆಂಬರಿನಲ್ಲಿ 'ಕಿನೆಮಾಟೊಗ್ರಾಫಿಯಾ' ಹೊರತಂದರು. ಪೋಲಿಷ್ ರ‍್ಯಾಪ್ ಅಂದರೆ ಜನ ಈಗಲೂ ಮೊದಲು ಹೇಳುವ ಹೆಸರುಗಳಲ್ಲಿ ಅದೊಂದು. ಆಲ್ಬಂ ಬಂದ ಕೆಲವೇ ದಿನಕ್ಕೆ ಗುಂಪಿನ ಮಾಗಿಕ್ ತೀರಿಕೊಂಡ. 22 ವರ್ಷ ಅಷ್ಟೇ. ಗಣಿ ಇದ್ದ ಜಾಗದಲ್ಲೇ ಆ ಊರಿನವರು 2014ರಲ್ಲಿ ದೊಡ್ಡ ಸಂಗೀತ ಮಂದಿರ ತೆರೆದರು. ಸೊಂಡೂರಿನ ಕಡೆ ಕೆಂಪು ಧೂಳಿನ ರಸ್ತೆಯಲ್ಲಿ ಹೋಗುವಾಗ ನನಗೆ ಪ್ರತಿ ಸಲ ಆ ಕಟ್ಟಡ ನೆನಪಾಗುತ್ತದೆ. ನಮ್ಮಲ್ಲೂ ಒಂದು ಅಂಥದ್ದು ಆಗಬೇಕು ಅಂತ ಆಸೆ.

ಮೆಟಲ್‌ಗೆ ವೇಡರ್, ಬೆಹೆಮೊತ್, ಎರಡೂ ಲೋಕದ ತುಂಬ ಹೆಸರು ಮಾಡಿದ ಬ್ಯಾಂಡ್‌ಗಳು. ಬೆಹೆಮೊತ್ ಹಾಡು, ವೇಷ ಎಲ್ಲ ಧರ್ಮದ ವಿರುದ್ಧ ತುಂಬಾ ಕಟುವಾಗಿರುತ್ತವೆ, ತಿಳಿದುಕೊಂಡು ಕೇಳು. ನನ್ನ ಕೇಳಿದರೆ ರಿವರ್‌ಸೈಡ್ ಅನ್ನುವ ಬ್ಯಾಂಡ್‌ನಿಂದ ಶುರು ಮಾಡು, 2005ರ 'ಸೆಕೆಂಡ್ ಲೈಫ್ ಸಿಂಡ್ರೋಮ್'. ಹಾಡು ಇಂಗ್ಲಿಷಿನಲ್ಲೇ ಇದೆ.

ಪ್ರಶ್ನೆ: ಕೊಪ್ಪಳದಿಂದ, ಹೈಸ್ಕೂಲ್ ಶಿಕ್ಷಕಿ. ಪೋಲೆಂಡಿನ ಸಂಗೀತಗಾರರಿಗೂ ನಮ್ಮ ದೇಶಕ್ಕೂ ಏನಾದರೂ ನಂಟು ಇದೆಯೇ? ಮಕ್ಕಳಿಗೆ ಹೇಳಲು ಒಂದು ಕತೆ ಬೇಕಿತ್ತು.

ಉತ್ತರ: ಎರಡು ಕತೆ ಇವೆ ಮೇಡಂ. ಪೋಲೆಂಡಿನಲ್ಲಿ 'ಸೂಕಾ' ಅಂತ ಒಂದು ತಂತಿವಾದ್ಯ ಇತ್ತು. ತೊಡೆ ಮೇಲೆ ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಬೆರಳ ತುದಿಯಿಂದ ಒತ್ತದೆ ಉಗುರಿನಿಂದ ತಾಗಿಸಿ ನುಡಿಸುವಂಥದ್ದು. ನುಡಿಸುವವರೇ ಇಲ್ಲದೆ ಅದು ಮಾಯವಾಗಿ, ಒಂದು ಹಳೇ ಚಿತ್ರದಲ್ಲಿ ಮಾತ್ರ ಉಳಿದಿತ್ತು. ಆ ಚಿತ್ರ ನೋಡಿ ಮತ್ತೆ ಅದನ್ನು ಮಾಡಿಸಿದರು. ಅದಕ್ಕೆ ಜೀವ ಕೊಟ್ಟವರಲ್ಲಿ ಮುಖ್ಯರಾದವರು ಮರಿಯಾ ಪೊಮಿಯಾನೊವ್‌ಸ್ಕಾ. ಅವರು ನಮ್ಮ ದೇಶಕ್ಕೆ ಬಂದು ಸಾರಂಗಿ ಕಲಿತವರು. ಸಾರಂಗಿಯೂ ಉಗುರಿನಿಂದಲೇ ಅಲ್ವಾ! ತಮ್ಮ ದೇಶದಲ್ಲಿ ಮರೆತುಹೋದ ಕೈಚಳಕ ಅವರಿಗೆ ಇಲ್ಲಿ ಬೆರಳ ತುದಿಗೆ ಬಂದಿತ್ತು.

ಎರಡನೆಯದು ತೊಮಾಶ್ ಸ್ಟಾಂಕೋ ಅವರದ್ದು. ಟ್ರಂಪೆಟ್ ಊದುವ ಜಾಝ್ ಕಲಾವಿದರು, 1942ರಿಂದ 2018ರವರೆಗೆ ಬದುಕಿದ್ದರು. ಚಿಕ್ಕ ವಯಸ್ಸಿನಲ್ಲಿ ಕೊಮೆಡಾ ಅನ್ನುವವರ ಜೊತೆ ನುಡಿಸಿದವರು. ಆ ಕೊಮೆಡಾ ಓದಿದ್ದು ಕಿವಿ-ಮೂಗು-ಗಂಟಲು ಡಾಕ್ಟರಿಕೆ, ಆಮೇಲೆ ಪಿಯಾನೊಗೇ ಬಂದುಬಿಟ್ಟರು. ಇಬ್ಬರೂ ಸೇರಿ ನುಡಿಸಿದ 'ಅಸ್ಟಿಗ್ಮಾಟಿಕ್' 1965ರ ಧ್ವನಿಮುದ್ರಣ, ಯುರೋಪಿನ ಜಾಝ್‌ಗೆ ಅದೊಂದು ಮೈಲಿಗಲ್ಲು. ಸ್ಟಾಂಕೋ 1980ರಲ್ಲಿ ಇಲ್ಲಿಗೆ ಬಂದು ತಾಜ್ ಮಹಲಿನ ಒಳಗೆ, ಆಮೇಲೆ ಮಹಾರಾಷ್ಟ್ರದ ಕಾರ್ಲಾ ಗುಹೆಯಲ್ಲಿ ಟ್ರಂಪೆಟ್ ಊದಿ ಮುದ್ರಿಸಿಕೊಂಡರು. ಪಕ್ಕವಾದ್ಯ ಇಲ್ಲ, ತಬಲಾ ಇಲ್ಲ, ಒಬ್ಬರೇ. ಒಂದು ಸ್ವರ ಊದಿ ನಿಲ್ಲಿಸಿದರೆ ಕಲ್ಲು ಅದನ್ನು ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ, ಆ ಗುಂಯ್ ಅನ್ನುವುದು ಪೂರ್ತಿ ಅಡಗುವ ಮುಂಚೆ ಅವರು ಮುಂದಿನ ಸ್ವರ ಸೇರಿಸುತ್ತಾರೆ. ಮಕ್ಕಳನ್ನು ಆನೆಗೊಂದಿ ಕಡೆ ಪ್ರವಾಸ ಕರೆದುಕೊಂಡು ಹೋದಾಗ, ಯಾವುದಾದರೂ ಗವಿಯೋ ಕಲ್ಲು ಮಂಟಪವೋ ಸಿಕ್ಕರೆ, ಮೊದಲು ಅವರನ್ನೇ ಒಂದು ಸಲ ಕೂಗಿಸಿ. ದನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಬೆರಳಲ್ಲಿ ಎಣಿಸಲಿ. ಆಮೇಲೆ ಅಲ್ಲೇ ಕೂರಿಸಿ ಇದನ್ನು ಹಾಕಿ.